ಮೈಟೊಕಾಂಡ್ರಿಯಾ ಕಾಯಿಲೆ ಎಂದರೆ ತಾಯಿಯಿಂದಲೇ ಬಂದದ್ದೇ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಮತ್ತು ಅದರ ಜೀನ್‌ಗಳ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಉಳಿಸಿದ್ದೇವೆ. ಉತ್ತರ ಕೊಟ್ಟವರು ಮಕ್ಕಳ ನರರೋಗ ತಜ್ಞರು ಮತ್ತು ಅನುವಂಶಿಕ ಸಲಹೆಗಾರರು.

ನಮ್ಮ ಮಗನಿಗೆ ಈಗ ಎಂಟು ತಿಂಗಳು. ಐದನೇ ತಿಂಗಳ ತನಕ ಚಲೋ ಇದ್ದ. ಆಮೇಲೆ ಕುತ್ತಿಗೆ ನಿಲ್ಲದಂತಾಯಿತು. ಹಾಲು ಕುಡಿಯುವಾಗ ನೆತ್ತಿಗೆ ಹತ್ತುತ್ತದೆ, ಕಣ್ಣುಗುಡ್ಡೆ ಅಲುಗುತ್ತವೆ. ಎಂಆರ್‌ಐ ನೋಡಿ ಲೀ ಸಿಂಡ್ರೋಮ್ (ಶಕ್ತಿ ಸಾಲದೆ ಮೆದುಳಿನ ಒಳಭಾಗ ಕೆಡುವ ಕಾಯಿಲೆ) ಅಂದರು. ಜೀನ್ ಪರೀಕ್ಷೆಯಲ್ಲಿ ‘ಎನ್‌ಡಿಯುಎಫ್‌ಎಸ್4, ಹೋಮೊಜೈಗಸ್, ಪ್ಯಾಥೊಜೆನಿಕ್’ ಎಂದು ಬಂದಿದೆ. ನನ್ನ ಹೆಂಡತಿ ನನ್ನ ಸ್ವಂತ ಅಕ್ಕನ ಮಗಳು. ಮೈಟೊಕಾಂಡ್ರಿಯಾ ತಾಯಿಯಿಂದ ಬರುತ್ತದೆ ಎಂದು ಯಾರೋ ಮೊಬೈಲ್‌ನಲ್ಲಿ ಓದಿ ಹೇಳಿದಾಗಿನಿಂದ ಮನೆಯಲ್ಲಿ ಎಲ್ಲರೂ ಆಕೆಗೇ ಬೊಟ್ಟು ಮಾಡುತ್ತಿದ್ದಾರೆ. ಇದು ಖರೇ ಏನ್ರಿ? (ಜಮಖಂಡಿ)

ಖರೇ ಅಲ್ಲ. ಈ ಉತ್ತರವನ್ನು ಮನೆಯ ಹಿರಿಯರ ಮುಂದೆ ದಯವಿಟ್ಟು ಗಟ್ಟಿಯಾಗಿ ಓದಿ ಹೇಳಿ.

ಮೈಟೊಕಾಂಡ್ರಿಯಾಕ್ಕೆ ತನ್ನದೇ ಆದ ಒಂದು ಚಿಕ್ಕ ಡಿಎನ್‌ಎ ಇದೆ. 16,569 ಅಕ್ಷರ, 37 ಜೀನ್, ಅವುಗಳಿಂದ ತಯಾರಾಗುವ ಪ್ರೋಟೀನ್ 13 ಮಾತ್ರ. ತಾಯಿಯಿಂದ ಮಕ್ಕಳಿಗೆ ಹೋಗುವುದು ಇಷ್ಟೇ. ಮೈಟೊಕಾಂಡ್ರಿಯಾದೊಳಗೆ ಕೆಲಸ ಮಾಡುವ ಉಳಿದೆಲ್ಲ ಪ್ರೋಟೀನ್‌ಗಳ ಜೀನ್ ಇರುವುದು ಜೀವಕೋಶದ ನಡುವಿನ ನ್ಯೂಕ್ಲಿಯಸ್‌ನ ಕ್ರೋಮೊಸೋಮ್‌ಗಳಲ್ಲಿ. ಅವು ಅಪ್ಪನಿಂದ ಒಂದು, ಅವ್ವನಿಂದ ಒಂದು ಪ್ರತಿಯಾಗಿ ಬರುತ್ತವೆ. ಎನ್‌ಡಿಯುಎಫ್‌ಎಸ್4 ಇರುವುದು 5ನೇ ಕ್ರೋಮೊಸೋಮ್‌ನಲ್ಲಿ. ‘ಪ್ಯಾಥೊಜೆನಿಕ್’ ಎಂದರೆ ಕಾಯಿಲೆ ತರುವ ಬದಲಾವಣೆ. ‘ಹೋಮೊಜೈಗಸ್’ ಎಂದರೆ ಎರಡೂ ಪ್ರತಿಗಳಲ್ಲಿ ಅದೇ ಬದಲಾವಣೆ ಇದೆ. ಅಂದರೆ ಒಂದು ನಿಮ್ಮಿಂದ, ಇನ್ನೊಂದು ನಿಮ್ಮ ಹೆಂಡತಿಯಿಂದ ಬಂದಿದೆ. ನಿಮ್ಮಿಬ್ಬರಲ್ಲೂ ಇನ್ನೊಂದು ಪ್ರತಿ ಸರಿಯಾಗಿರುವುದರಿಂದ ಇಬ್ಬರಿಗೂ ಏನೂ ತೊಂದರೆಯಿಲ್ಲ.

ಇನ್ನೊಂದು ಮಾತು. ನಿಮ್ಮ ಹೆಂಡತಿ ನಿಮ್ಮ ಅಕ್ಕನ ಮಗಳು. ನಿಮ್ಮ ಅಕ್ಕನ ಮೈಟೊಕಾಂಡ್ರಿಯಾ ಡಿಎನ್‌ಎ ಬಂದದ್ದು ನಿಮ್ಮ ತಾಯಿಯಿಂದ, ನಿಮ್ಮದೂ ಅಲ್ಲಿಂದಲೇ. ಅಂದರೆ ಆ ಡಿಎನ್‌ಎ ಮಟ್ಟಿಗೆ ಗಂಡ-ಹೆಂಡತಿ ಇಬ್ಬರದೂ ಒಂದೇ. ತಾಯಿಯಿಂದ ಬರುವ ಬೇರೆ ಯಾವುದಾದರೂ ದೋಷವಿದ್ದಿದ್ದರೂ ಅದು ‘ಸೊಸೆಯ ಕಡೆಯದು’ ಆಗುತ್ತಿರಲಿಲ್ಲ.

ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಬದಲಾವಣೆ ಬರೆದ ಸಾಲಿನ ಆರಂಭ. ಇಂಗ್ಲಿಷ್‌ನ ಸಣ್ಣ ‘ಸಿ’ ಮತ್ತು ಚುಕ್ಕಿಯಿಂದ ಶುರುವಾಗಿ, ಜೊತೆಗೆ 1ರಿಂದ 22ರೊಳಗಿನ ಕ್ರೋಮೊಸೋಮ್ ಸಂಖ್ಯೆ ಇದ್ದರೆ ಅದು ನ್ಯೂಕ್ಲಿಯಸ್‌ನ ಜೀನ್. ಸಣ್ಣ ‘ಎಂ’ ಮತ್ತು ಚುಕ್ಕಿಯಿದ್ದರೆ, ಅಥವಾ ಜೀನ್ ಹೆಸರಿನ ಮುಂದೆ ‘ಎಂಟಿ’ ಇದ್ದರೆ ಮಾತ್ರ ಅದು ತಾಯಿಯಿಂದ ಬರುವ ಡಿಎನ್‌ಎ. ಎನ್‌ಡಿ4 ಎಂಬ ಇನ್ನೊಂದು ಜೀನ್ ಮತ್ತು ಎನ್‌ಡಿಯುಎಫ್‌ಎಸ್4 ಕೇಳಲು ಅಣ್ಣತಮ್ಮಂದಿರಂತಿವೆ. ಎರಡೂ ಒಂದೇ ಯಂತ್ರದ ಭಾಗಗಳು ನಿಜ, ಆದರೆ ಮೊದಲನೆಯದು ಹರಿಯುವುದು ತಾಯಿಯಿಂದ ಮಾತ್ರ, ಎರಡನೆಯದು ಇಬ್ಬರಿಂದ.

ಆ ಯಂತ್ರದ ಹೆಸರು ಕಾಂಪ್ಲೆಕ್ಸ್ ಒನ್. ಸುಮಾರು 45 ಬಿಡಿಭಾಗ ಸೇರಿ ಆಗುವ ಇದರಲ್ಲಿ 7 ಮಾತ್ರ ಮೈಟೊಕಾಂಡ್ರಿಯಾದ ಸ್ವಂತ ಡಿಎನ್‌ಎಯಿಂದ ಬರುತ್ತವೆ. ಆಹಾರ ಒಡೆದಾಗ ಸಿಗುವ ಎನ್‌ಎಡಿಎಚ್ ಎಂಬ ಅಣುವಿನಿಂದ ಎರಡು ಎಲೆಕ್ಟ್ರಾನ್ ತೆಗೆದುಕೊಂಡು, ಕಬ್ಬಿಣ-ಗಂಧಕದ ಗೊಂಚಲುಗಳ ಸಾಲಿನ ಮೂಲಕ ಕೋಎನ್‌ಜೈಮ್ ಕ್ಯೂಗೆ ದಾಟಿಸುವುದು ಇದರ ಕೆಲಸ. ಹಾಗೆ ದಾಟಿಸುವಾಗ ನಾಲ್ಕು ಪ್ರೋಟಾನ್‌ಗಳನ್ನು ಪೊರೆಯ ಆಚೆ ತಳ್ಳುತ್ತದೆ. ಆಚೆ ಕೂಡಿಬಿದ್ದ ಪ್ರೋಟಾನ್‌ಗಳು ವಾಪಸು ನುಗ್ಗುವ ಒತ್ತಡದಿಂದಲೇ ಜೀವಕೋಶದ ಇಂಧನವಾದ ಎಟಿಪಿ ತಯಾರಾಗುತ್ತದೆ. ಎನ್‌ಎಡಿಎಚ್ ಹಿಡಿಯುವ ಮೇಲಿನ ತುದಿಯನ್ನು ಉಳಿದ ಯಂತ್ರಕ್ಕೆ ಬಿಗಿದಿಡುವ ಭಾಗಗಳಲ್ಲಿ ಒಂದು ಎನ್‌ಡಿಯುಎಫ್‌ಎಸ್4. ಬರೇ 175 ಅಮೈನೊ ಆಮ್ಲಗಳ ಸಣ್ಣ ಪ್ರೋಟೀನ್, ಬಂಡಿಯ ಕಡೆಗೀಲು ಇದ್ದ ಹಾಗೆ. ಅದಿಲ್ಲದಿದ್ದರೆ ಮೇಲಿನ ತುದಿ ಸಡಿಲಾಗಿ ಕಳಚಿಕೊಳ್ಳುತ್ತದೆ. ಎನ್‌ಎಡಿಎಚ್ ಹಾಗೇ ಉಳಿಯುತ್ತದೆ, ಗ್ಲೂಕೋಸ್ ಒಡೆದು ಬಂದ ಪೈರುವೇಟ್ ಲ್ಯಾಕ್ಟೇಟ್ ಆಗುತ್ತದೆ, ಮೆದುಳಿನ ಕಾಂಡ ಮತ್ತು ಮೆದುಳಿನ ಆಳದಲ್ಲಿದ್ದು ಚಲನೆ ನಿಯಂತ್ರಿಸುವ ಬೇಸಲ್ ಗ್ಯಾಂಗ್ಲಿಯಾಕ್ಕೆ ಶಕ್ತಿ ಸಾಲದಾಗುತ್ತದೆ. ನುಂಗುವುದು, ಉಸಿರಾಟ, ಕಣ್ಣಿನ ಚಲನೆ ಮೂರನ್ನೂ ನಡೆಸುವುದು ಮೆದುಳಿನ ಕಾಂಡ. ನಿಮ್ಮ ಮಗನಲ್ಲಿ ಕಾಣುತ್ತಿರುವುದು ಅದೇ.

ಇದನ್ನು ಪೂರ್ತಿ ಗುಣಪಡಿಸುವ ಔಷಧಿ ಇಂದು ಇಲ್ಲ. ಇದು ಬಲವಾದ ಕಾಯಿಲೆ, ಈ ಜೀನ್‌ನ ಮಕ್ಕಳಲ್ಲಿ ಹಲವರು ಮೊದಲ ಕೆಲವು ವರ್ಷ ದಾಟುವುದಿಲ್ಲ. ಆದರೆ ಮಾಡುವ ಕೆಲಸ ಬಹಳ ಇದೆ. ಹಾಲು ನೆತ್ತಿಗೆ ಹತ್ತುವುದನ್ನು ಸಣ್ಣದೆಂದು ಬಿಡಬೇಡಿ. ಈ ಮಕ್ಕಳಿಗೆ ಮೇಲಿಂದ ಮೇಲೆ ನ್ಯುಮೋನಿಯಾ ಆಗುವುದು ಹಾಲು ಶ್ವಾಸನಾಳಕ್ಕೆ ಇಳಿದೇ. ಮಲಗಿಸಿ ಕುಡಿಸಬೇಡಿ, ಬೆನ್ನು ಎತ್ತರಿಸಿ ಹಿಡಿಯಿರಿ. ಕೆಮ್ಮು ನಿಲ್ಲದಿದ್ದರೆ ಮೂಗಿನ ನಳಿಗೆಯಿಂದ ಆಹಾರ ಕೊಡುವ ಮಾತನ್ನು ವೈದ್ಯರ ಮುಂದೆ ನೀವೇ ಎತ್ತಿ. ನಳಿಗೆ ಹಾಕಿದರೆ ಕೂಸು ಸೋತಂತೆ ಎಂದು ತಿಳಿಯಬೇಡಿ. ಹೃದಯದ ಗೋಡೆ ದಪ್ಪಗಾಗುವುದೂ ಉಂಟು, ಆದ್ದರಿಂದ ಎಕೊ (ಹೃದಯದ ಸ್ಕ್ಯಾನ್) ಮಾಡಿಸಿ. ರೈಬೊಫ್ಲೇವಿನ್, ಥಯಮಿನ್, ಕೋಎನ್‌ಜೈಮ್ ಕ್ಯೂ10 ಕೊಟ್ಟು ಮೂರು ತಿಂಗಳು ನೋಡುವ ರೂಢಿಯಿದೆ. ಹಾನಿ ಕಡಿಮೆ, ಆದರೆ ಅದಕ್ಕಾಗಿ ಸಾಲ ಮಾಡಬೇಡಿ. ಈ ಜೀನ್ ಇಲ್ಲದ ಇಲಿಗಳನ್ನು ಶೇ 11ರಷ್ಟು ಆಮ್ಲಜನಕವಿರುವ ಗಾಳಿಯಲ್ಲಿಟ್ಟಾಗ ಹೆಚ್ಚು ದಿನ ಬದುಕಿದ ಪ್ರಯೋಗ 2016ರಲ್ಲಿ ಪ್ರಕಟವಾಗಿದೆ, ಅದನ್ನೂ ಮೊಬೈಲ್‌ನಲ್ಲಿ ಕಂಡಿರಬಹುದು. ಮನೆಯಲ್ಲಿ ಕೂಸಿನ ಮೇಲೆ ಅಂಥದ್ದೇನೂ ಮಾಡಲೇಬೇಡಿ, ಉಸಿರು ನಿಂತೀತು.

ನಿಮ್ಮಿಬ್ಬರ ರಕ್ತ ಕೊಟ್ಟು ಇದೇ ಬದಲಾವಣೆಗೆ ಸ್ಯಾಂಗರ್ ಪರೀಕ್ಷೆ (ಜೀನ್‌ನ ಆ ತುಣುಕನ್ನು ಮಾತ್ರ ಓದುವುದು) ಮಾಡಿಸುವುದು ಮುಂದಿನ ಹೆಜ್ಜೆ. ಕೂಸಿನ ವರದಿ ಸ್ಪಷ್ಟವಾಗಿದೆಯಲ್ಲ ಎಂದು ಇದನ್ನು ಬಿಡುವವರು ಬಹಳ. ಒಂದು ಪ್ರತಿಯಲ್ಲಿ ಬದಲಾವಣೆ ಇದ್ದು, ಇನ್ನೊಂದರಲ್ಲಿ ಜೀನ್‌ನ ತುಂಡೇ ಕಳೆದುಹೋಗಿದ್ದರೂ ಯಂತ್ರ ಅದನ್ನು ಹೋಮೊಜೈಗಸ್ ಎಂದೇ ಓದುತ್ತದೆ. ಆಗ ಮುಂದಿನ ಬಸಿರಿನಲ್ಲಿ ಹುಡುಕಬೇಕಾದದ್ದು ಒಂದಲ್ಲ, ಎರಡು.

ನಮ್ಮ ಮಗಳಿಗೆ ಎರಡು ವರ್ಷ. ಮೊದಲ ಲ್ಯಾಬಿನಲ್ಲಿ ಲ್ಯಾಕ್ಟೇಟ್ 21 ಇತ್ತು. ತಿಂಗಳ ನಂತರ ಇನ್ನೊಂದು ಲ್ಯಾಬಿನಲ್ಲಿ 5.4 ಬಂತು. ನಾವು ಇಳಿಯಿತೆಂದು ಸಂತೋಷಪಟ್ಟರೆ ಡಾಕ್ಟರು ಏರಿದೆ ಎನ್ನುತ್ತಾರೆ. (ಗೋಕಾಕ)

ಡಾಕ್ಟರು ಹೇಳಿದ್ದೇ ಸರಿ. ಎರಡು ವರದಿಗಳ ಅಳತೆಯ ಕಾಲಂ ನೋಡಿ. ಒಂದರಲ್ಲಿ ‘ಮಿ.ಗ್ರಾಂ ಪ್ರತಿ ಡೆಸಿಲೀಟರ್’, ಇನ್ನೊಂದರಲ್ಲಿ ‘ಮಿಲಿಮೋಲ್ ಪ್ರತಿ ಲೀಟರ್’ ಇರಬೇಕು. ಲೀಟರಿಗೆ 1 ಮಿಲಿಮೋಲ್ ಎಂದರೆ ಡೆಸಿಲೀಟರಿಗೆ 9 ಮಿ.ಗ್ರಾಂ. ಮೊದಲಿನ 21 ಅಂದರೆ ಸುಮಾರು 2.3 ಮಿಲಿಮೋಲ್. ಎರಡನೆಯ 5.4 ಅಂದರೆ ಸುಮಾರು 49 ಮಿ.ಗ್ರಾಂ. ಆರಾಮವಾಗಿರುವ ಮಗುವಿನಲ್ಲಿ 2 ಮಿಲಿಮೋಲ್ ಸುತ್ತಮುತ್ತ ಇರುವುದೇ ಸರಿ.

ಆದರೆ 5.4 ಅನ್ನು ನಂಬುವ ಮೊದಲು ರಕ್ತ ತೆಗೆದ ಬಗೆ ಕೇಳಬೇಕು. ಕೂಸು ಹತ್ತು ನಿಮಿಷ ಕಿರಿಚಿ ಒದ್ದಾಡಿದರೆ ಸ್ನಾಯುಗಳಿಂದ ಬಂದ ಲ್ಯಾಕ್ಟೇಟ್ ಒಂದೇ ಸಾಕು ಅಂಕಿ ಏರಿಸಲು. ತೋಳಿಗೆ ಪಟ್ಟಿ ಬಿಗಿದು ನರ ಹುಡುಕುತ್ತ ನಿಂತರೂ ಅದೇ ಗತಿ. ಸರಿಯಾದ ಕ್ರಮ ಹೀಗೆ: ಮೊದಲು ಸೂಜಿ-ಕ್ಯಾನುಲಾ ಹಾಕಿಡಬೇಕು. ಕೂಸು ಅಳು ನಿಲ್ಲಿಸಿ ಅರ್ಧ ಗಂಟೆ ಸಮಾಧಾನವಾದ ಮೇಲೆ, ಪಟ್ಟಿ ಕಟ್ಟದೆ, ಅದರಿಂದಲೇ ರಕ್ತ ತೆಗೆಯಬೇಕು. ಬೂದು ಮುಚ್ಚಳದ ಫ್ಲೋರೈಡ್-ಆಕ್ಸಲೇಟ್ ಟ್ಯೂಬಿನಲ್ಲಿ ಗುರುತಿನ ತನಕ ತುಂಬಿ, ಮೆಲ್ಲಗೆ ತಿರುಗಿಸಿ, ಐಸ್‌ನಲ್ಲಿಟ್ಟು ಹದಿನೈದು ನಿಮಿಷದೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಸಾದಾ ಟ್ಯೂಬಿನಲ್ಲಿ ಹಾಕಿ ಟೇಬಲ್ ಮೇಲಿಟ್ಟರೆ ಕೆಂಪು ರಕ್ತಕಣಗಳು ಅಲ್ಲೇ ಗ್ಲೂಕೋಸ್ ತಿಂದು ಲ್ಯಾಕ್ಟೇಟ್ ಮಾಡುತ್ತ ಹೋಗುತ್ತವೆ. ಹಳ್ಳಿಯ ಕಲೆಕ್ಷನ್ ಸೆಂಟರ್‌ನಲ್ಲಿ ಬೆಳಿಗ್ಗೆ ತೆಗೆದು ಮಧ್ಯಾಹ್ನದ ಬಸ್ಸಿಗೆ ಬೆಳಗಾವಿಗೆ ಕಳಿಸಿದ ಸ್ಯಾಂಪಲ್ ಈ ಪರೀಕ್ಷೆಗೆ ನಡೆಯುವುದಿಲ್ಲ. ಕೂಸನ್ನೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ರಕ್ತದಲ್ಲಿ ಸರಿಯಿದ್ದರೂ ಕಾಯಿಲೆ ಇಲ್ಲವೆಂದಲ್ಲ. ಅನುಮಾನ ಬಲವಾಗಿದ್ದರೆ ಬೆನ್ನುಹುರಿಯ ನೀರಿನ ಲ್ಯಾಕ್ಟೇಟ್ ಹೆಚ್ಚು ನಂಬಿಕೆಗೆ ಅರ್ಹ, ಅಳುವಿನಿಂದ ಅದು ಅಷ್ಟಾಗಿ ಏರುವುದಿಲ್ಲ.

ನಮ್ಮ ಮೊಮ್ಮಗನಿಗೆ ಮೂರು ತಿಂಗಳು, ಎದೆಹಾಲು ಮಾತ್ರ. ವಾಂತಿ, ದನಿ ಬಿದ್ದು ಅಳುವೇ ಕೇಳದಂತಾಗಿದೆ, ಜೋರು ಉಸಿರು. ಎಂಆರ್‌ಐಯಲ್ಲಿ ಲೀ ಸಿಂಡ್ರೋಮ್ ಇದ್ದ ಹಾಗಿದೆ, ಜೀನ್ ವರದಿ ಬರಲು ಒಂದು ತಿಂಗಳು ಬೇಕು ಎಂದರು. ಅಲ್ಲಿಯತನಕ ಕಾಯಬೇಕೇ? ಬಾಣಂತಿಗೆ ನಮ್ಮ ಪದ್ಧತಿಯಂತೆ ಬಿಳಿ ಅನ್ನ, ತುಪ್ಪ, ಬೆಳ್ಳುಳ್ಳಿ ಬಿಟ್ಟು ಬೇರೆ ಏನೂ ಕೊಡುತ್ತಿಲ್ಲ. (ಸಿಂದಗಿ)

ಒಂದು ದಿನವೂ ಕಾಯಬೇಡಿ. ಈ ಪತ್ರ ಕೈಸೇರಿದ ಕೂಡಲೇ ನಿಮಗೆ ಫೋನ್‌ನಲ್ಲಿ ತಿಳಿಸಿದ್ದೇವೆ. ಇತರರಿಗೂ ಗೊತ್ತಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಮೈಟೊಕಾಂಡ್ರಿಯಾ ಕೆಟ್ಟಾಗ ಕಾಣುವ ಚಿತ್ರವೇ ಥಯಮಿನ್, ಅಂದರೆ ಬಿ1 ಜೀವಸತ್ವದ ಕೊರತೆಯಲ್ಲೂ ಕಾಣುತ್ತದೆ. ಗ್ಲೂಕೋಸ್‌ನಿಂದ ಬಂದ ಪೈರುವೇಟ್ ಮೈಟೊಕಾಂಡ್ರಿಯಾದ ಒಲೆ ಸೇರಬೇಕಾದರೆ ಪೈರುವೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಬೇಕು, ಆ ಕಿಣ್ವಕ್ಕೆ ಥಯಮಿನ್ ಬೇಕು. ಅದಿಲ್ಲದಿದ್ದರೆ ಕಾಂಪ್ಲೆಕ್ಸ್ ಒನ್ ಎಷ್ಟೇ ಗಟ್ಟಿಯಾಗಿದ್ದರೂ ಅದಕ್ಕೆ ಬೇಕಾದ ಎನ್‌ಎಡಿಎಚ್ ಸಾಕಷ್ಟು ಸಿಗುವುದಿಲ್ಲ. ಲ್ಯಾಕ್ಟೇಟ್ ಏರುತ್ತದೆ, ಬೇಸಲ್ ಗ್ಯಾಂಗ್ಲಿಯಾ ಬಾಡುತ್ತದೆ. ಎರಡರಿಂದ ನಾಲ್ಕು ತಿಂಗಳ ಎದೆಹಾಲಿನ ಕೂಸಿನಲ್ಲಿ ವಾಂತಿ, ಬಿದ್ದ ದನಿ, ಜೋರು ಉಸಿರು ಕೂಡಿ ಬಂದರೆ, ಅವ್ವ ಪಥ್ಯದಲ್ಲಿದ್ದರೆ, ಮೊದಲು ನೆನಪಾಗಬೇಕಾದದ್ದು ಇದು.

ಪರೀಕ್ಷೆಗೆ ರಕ್ತ ತೆಗೆದಿಟ್ಟು, ಫಲಿತಾಂಶಕ್ಕೆ ಕಾಯದೆ ಆಸ್ಪತ್ರೆಯಲ್ಲಿ ಥಯಮಿನ್ ಕೊಡಬೇಕು. ಸಾಮಾನ್ಯವಾಗಿ 100 ಮಿ.ಗ್ರಾಂ ರಕ್ತನಾಳಕ್ಕೆ ನಿಧಾನವಾಗಿ. ಗ್ಲೂಕೋಸ್ ಸಲೈನ್ ಮೊದಲು ಹಚ್ಚಿ ಥಯಮಿನ್ ಮರೆತರೆ ಇದ್ದಬದ್ದ ಥಯಮಿನ್ನೂ ಖರ್ಚಾಗಿ ಕೂಸು ಇನ್ನಷ್ಟು ಕೆಡುತ್ತದೆ. ಕೊರತೆಯೇ ಕಾರಣವಾಗಿದ್ದರೆ ಉಸಿರು, ಲ್ಯಾಕ್ಟೇಟ್ ಕೆಲವು ಗಂಟೆಗಳಿಂದ ಒಂದೆರಡು ದಿನದೊಳಗೆ ಇಳಿಯುತ್ತವೆ. ಕಾರಣ ಅಲ್ಲದಿದ್ದರೂ ಕಳೆದುಕೊಳ್ಳುವುದೇನೂ ಇಲ್ಲ. ಎಸ್‌ಎಲ್‌ಸಿ19ಎ3 ಎಂಬ ಜೀನ್ ಕೆಟ್ಟರೂ ಇದೇ ರೂಪ ಬರುತ್ತದೆ. ಅದಕ್ಕೆ ಹೆಚ್ಚಿನ ಪ್ರಮಾಣದ ಥಯಮಿನ್ ಜೊತೆ ಬಯೋಟಿನ್ ಬೇಕು, ಹಾಗಾಗಿ ಜೀನ್ ವರದಿ ಬರುವ ತನಕ ಎರಡನ್ನೂ ಮುಂದುವರಿಸುತ್ತಾರೆ. ಜೀವನಪೂರ್ತಿ ತೆಗೆದುಕೊಂಡರೆ ಆ ಮಕ್ಕಳು ಚಲೋ ಇರಬಲ್ಲರು. ಲೀ ಸಿಂಡ್ರೋಮ್‌ನಂತೆ ಕಾಣುವ ಕಾಯಿಲೆಗಳಲ್ಲಿ ಔಷಧಿಗೆ ಬಗ್ಗುವವು ಬೆರಳೆಣಿಕೆಯಷ್ಟು. ಅವನ್ನು ಕೈತಪ್ಪಿಸಿಕೊಳ್ಳಬಾರದು.

ಇನ್ನು ಬಾಣಂತಿಯ ತಟ್ಟೆ. ಪಾಲಿಶ್ ಅಕ್ಕಿಯಲ್ಲಿ 100 ಗ್ರಾಂಗೆ ಸುಮಾರು 0.05 ಮಿ.ಗ್ರಾಂ ಥಯಮಿನ್. ಅದನ್ನೂ ಮೂರು ನೀರು ತೊಳೆದು ಗಂಜಿ ಬಸಿದರೆ ಉಳಿಯುವುದು ಅಷ್ಟಕ್ಕಷ್ಟೇ. ಜೋಳದಲ್ಲಿ ಸುಮಾರು 0.35, ಅಂದರೆ ಏಳು ಪಟ್ಟು. ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 1.5 ಮಿ.ಗ್ರಾಂ ಬೇಕು. ಹೊಲದಲ್ಲಿ ಬಿಳಿಜೋಳ ಬೆಳೆದು, ಮನೆಮಂದಿಯೆಲ್ಲ ರೊಟ್ಟಿ ತಿಂದು, ಬಾಣಂತಿಗೆ ಮಾತ್ರ ಬಿಳಿ ಅನ್ನ ಇಡುವುದು ಬೇಡ. ಬಿಸಿ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಡಿ, ತೊಗರಿ, ಹೆಸರುಕಾಳಿನ ಕಟ್ಟು ಕೊಡಿ, ನೀರು ಕುಡಿಯಲು ಬಿಡಿ. ತಾಯಿಗೂ ಥಯಮಿನ್ ಮಾತ್ರೆ ಶುರುಮಾಡಿಸಿ, ಎದೆಹಾಲು ನಿಲ್ಲಿಸಬೇಡಿ.

ಮೊದಲ ಕೂಸು ಹೋದ ವರ್ಷ ಲೀ ಸಿಂಡ್ರೋಮ್‌ನಿಂದ ತೀರಿಕೊಂಡಿತು. ಜೀನ್ ಪರೀಕ್ಷೆ ಆಗಿರಲಿಲ್ಲ. ಈಗ ನನಗೆ ಏಳು ವಾರ. ಈ ಕೂಸಿಗೆ ಬರುತ್ತದೋ ಇಲ್ಲವೋ ಮೊದಲೇ ತಿಳಿಯಬಹುದೇ? (ಇಳಕಲ್)

ತಿಳಿಯಬಹುದು, ಆದರೆ ಯಾವ ಜೀನ್, ಯಾವ ಬದಲಾವಣೆ ಎಂದು ಮೊದಲು ಸಿಗಬೇಕು. ಲೀ ಸಿಂಡ್ರೋಮ್ ತರುವ ಜೀನ್‌ಗಳು ನೂರಕ್ಕೂ ಹೆಚ್ಚು. ಹುಡುಕಬೇಕಾದದ್ದೇ ಗೊತ್ತಿಲ್ಲದೆ ಗರ್ಭದ ಸ್ಯಾಂಪಲ್ ತೆಗೆದು ಉಪಯೋಗವಿಲ್ಲ. ಸ್ಕ್ಯಾನಿಂಗ್‌ನಲ್ಲಿ ಇದು ಕಾಣುವ ಕಾಯಿಲೆಯೂ ಅಲ್ಲ.

ಈ ವಾರವೇ ಮಾಡಬೇಕಾದ ಕೆಲಸ: ಮೊದಲ ಕೂಸಿನ ರಕ್ತ ಅಥವಾ ಡಿಎನ್‌ಎ ಎಲ್ಲಾದರೂ ಉಳಿದಿದೆಯೇ ಎಂದು ಅದು ದಾಖಲಾಗಿದ್ದ ಎಲ್ಲ ಆಸ್ಪತ್ರೆ, ಲ್ಯಾಬ್‌ಗಳಲ್ಲಿ ವಿಚಾರಿಸಿ. ಹುಟ್ಟಿದಾಗ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ತೆಗೆದ ಒಣ ರಕ್ತದ ಚುಕ್ಕೆಯೂ ಆದೀತು. ಏನೂ ಸಿಗದಿದ್ದರೆ ನಿಮ್ಮಿಬ್ಬರ ಎಕ್ಸೋಮ್ ಪರೀಕ್ಷೆ (ಜೀನ್‌ಗಳ ಪ್ರೋಟೀನ್ ತಯಾರಿಸುವ ಭಾಗಗಳನ್ನೆಲ್ಲ ಓದುವುದು) ಒಟ್ಟಿಗೆ ಮಾಡಿಸಿ, ಇಬ್ಬರಲ್ಲೂ ಒಂದೇ ಜೀನ್‌ನಲ್ಲಿ ದೋಷವಿದೆಯೇ ಎಂದು ನೋಡಿಸಬೇಕು. ‘ಗರ್ಭಿಣಿ, ತುರ್ತು’ ಎಂದು ಅರ್ಜಿಯ ಮೇಲೆಯೇ ಬರೆಸಿ. ಮೊದಲ ಕೂಸಿನ ಎಂಆರ್‌ಐ ಫಿಲ್ಮ್ ಮತ್ತು ಡಿಸ್ಚಾರ್ಜ್ ಪತ್ರ ಜೊತೆಗಿರಲಿ, ಅವಿಲ್ಲದೆ ಲ್ಯಾಬಿನವರು ಕತ್ತಲಲ್ಲಿ ಹುಡುಕಬೇಕಾಗುತ್ತದೆ. ಸಾದಾ ಎಕ್ಸೋಮ್‌ನಲ್ಲಿ ಮೈಟೊಕಾಂಡ್ರಿಯಾ ಡಿಎನ್‌ಎ ಪೂರ್ತಿ ಸೇರಿರುವುದಿಲ್ಲ, ನಿಮ್ಮ ರಕ್ತದಲ್ಲಿ ಅದನ್ನು ಬೇರೆಯಾಗಿ ಕೇಳಿ ಮಾಡಿಸಬೇಕು.

ಬದಲಾವಣೆ ಸಿಕ್ಕರೆ 11ರಿಂದ 13 ವಾರದೊಳಗೆ ಮಾಸಿನ ಸಣ್ಣ ಚೂರು ತೆಗೆಯುವ ಸಿವಿಎಸ್. ವರದಿ ತಡವಾದರೆ 16 ವಾರ ತುಂಬಿದ ಮೇಲೆ ಗರ್ಭನೀರಿನ ಪರೀಕ್ಷೆ. ಇವುಗಳಿಂದ ಗರ್ಭಪಾತದ ಅಪಾಯ ನುರಿತ ಕೈಯಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಸ್ಯಾಂಪಲ್‌ನಲ್ಲಿ ತಾಯಿಯ ಅಂಶ ಬೆರೆತರೆ ಫಲಿತಾಂಶ ತಪ್ಪುತ್ತದೆ, ಆದ್ದರಿಂದ ನಿಮ್ಮ ರಕ್ತವನ್ನೂ ಜೊತೆಗೆ ಕಳಿಸುತ್ತಾರೆ. 1994ರ ಭ್ರೂಣ ಪರೀಕ್ಷೆ ಕಾಯ್ದೆ ಇಂಥ ಅನುವಂಶಿಕ ಕಾಯಿಲೆಗೆ ನೋಂದಾಯಿತ ಕೇಂದ್ರದಲ್ಲಿ ಅವಕಾಶ ಕೊಟ್ಟಿದೆ. ಫಾರ್ಮ್ ಜಿಯಲ್ಲಿ ನಿಮ್ಮ ಒಪ್ಪಿಗೆ ಬರೆಸಿಕೊಳ್ಳುತ್ತಾರೆ. ಗಂಡೋ ಹೆಣ್ಣೋ ಎಂದು ಹೇಳುವುದು, ಕೇಳುವುದು ಎರಡೂ ಅಪರಾಧ. ಮುಂದೇನು ಎಂಬುದು ನಿಮ್ಮಿಬ್ಬರ ತೀರ್ಮಾನ. 2021ರ ತಿದ್ದುಪಡಿಯ ನಂತರ 24 ವಾರ ದಾಟಿದ ಮೇಲೂ ಭ್ರೂಣದ ಗಂಭೀರ ದೋಷಕ್ಕೆ ವೈದ್ಯಕೀಯ ಮಂಡಳಿ ಅನುಮತಿ ಕೊಡಬಹುದು.

ಇಂಥ ಸ್ಥಿತಿ ಬೇರೆಯವರಿಗೆ ಬರಬಾರದೆಂದು ಒಂದು ವಿನಂತಿ. ಕೂಸು ಉಳಿಯುವುದು ಕಷ್ಟವೆಂದು ಗೊತ್ತಾದಾಗ, ಪರೀಕ್ಷೆಗೆ ಹಣವಿಲ್ಲದಿದ್ದರೂ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಎರಡು-ಮೂರು ಮಿಲಿ ರಕ್ತ ತೆಗೆಸಿ ಡಿಎನ್‌ಎ ಇಡಿಸಿ. ಆ ಹೊತ್ತಿನಲ್ಲಿ ತಂದೆತಾಯಿಗೆ ಇದು ಹೊಳೆಯುವುದಿಲ್ಲ, ಹೇಳಬೇಕಾದದ್ದು ವೈದ್ಯರ ಕರ್ತವ್ಯ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಕರ್ನಾಟಕದಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಉತ್ಕೃಷ್ಟತಾ ಕೇಂದ್ರವಾಗಿವೆ. ಕಾಗದಪತ್ರ ಸಮೇತ ಅಲ್ಲಿ ವಿಚಾರಿಸಬಹುದು.

ನನ್ನ ತಮ್ಮನಿಗೆ 19 ವರ್ಷ. ಒಂದು ಕಣ್ಣಿನ ನಡುವಿನ ದೃಷ್ಟಿ ಮಸುಕಾಗಿ, ಎರಡು ತಿಂಗಳಲ್ಲಿ ಇನ್ನೊಂದೂ ಹಾಗೇ ಆಯಿತು. ನೋವಿಲ್ಲ. ‘ಎಂಟಿ-ಎನ್‌ಡಿ4, 11778’ ಎಂದು ವರದಿ. ನನಗೆ ಮದುವೆ ಮಾತುಕತೆ ನಡೆದಿದೆ. ಬೀಗರಿಗೆ ಹೇಳಬೇಕೇ? (ಬೆಳಗಾವಿ)

ಇದು ಕಣ್ಣಿನ ನರ ಕೆಡುವ ಲೀಬರ್ ಕಾಯಿಲೆ. ಮೇಲೆ ಹೇಳಿದ ಕಾಂಪ್ಲೆಕ್ಸ್ ಒನ್‌ನದೇ ಇನ್ನೊಂದು ಭಾಗ, ಆದರೆ ಇದು ನಿಜಕ್ಕೂ ತಾಯಿಯಿಂದಲೇ ಬರುವುದು. 11778ನೇ ಅಕ್ಷರದ ಈ ಬದಲಾವಣೆಯನ್ನು ಡಗ್ಲಸ್ ವಾಲೇಸ್ ಮತ್ತು ಸಂಗಡಿಗರು 1988ರಲ್ಲಿ ಗುರುತಿಸಿದರು.

ನಿಮ್ಮ ತಮ್ಮನಲ್ಲಿರುವ ಬದಲಾವಣೆ ನಿಮ್ಮ ತಾಯಿಯಲ್ಲಿದೆ, ಬಹುಮಟ್ಟಿಗೆ ನಿಮ್ಮಲ್ಲೂ ಇದೆ. ತಾಯಿಯ ಅಕ್ಕತಂಗಿಯರ ಮಕ್ಕಳಲ್ಲೂ ಇರುತ್ತದೆ. ಸೋದರಮಾವನ ಮಕ್ಕಳಲ್ಲಿ ಇರುವುದಿಲ್ಲ. ತಮ್ಮನ ಮಕ್ಕಳಿಗೆ ಹೋಗುವುದಿಲ್ಲ, ನೀವು ಹೆಣ್ಣಾದ್ದರಿಂದ ನಿಮ್ಮ ಮಕ್ಕಳಿಗೆ ಹೋಗುತ್ತದೆ. ಆದರೆ ಇದ್ದವರೆಲ್ಲ ಕಣ್ಣು ಕಳೆದುಕೊಳ್ಳುವುದಿಲ್ಲ. ಇಂಥ ಕುಟುಂಬಗಳಲ್ಲಿ ಗಂಡಸರಲ್ಲಿ ಸುಮಾರು ಅರ್ಧ, ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ ಎಂಬುದು ಬಹುಕಾಲದ ಲೆಕ್ಕ. ಸಂಬಂಧದಲ್ಲಿ ಮದುವೆಯಾದರೂ ಹೊರಗೆ ಆದರೂ ಈ ಲೆಕ್ಕ ಬದಲಾಗದು. ಹೇಳಿ ಮದುವೆಯಾಗುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಹೇಳುವಾಗ ಈ ಅಂಕಿಗಳನ್ನೂ ಜೊತೆಗೆ ಹೇಳಿ, ಬರೇ ಹೆಸರು ಹೇಳಿದರೆ ಜನ ಹೆದರುತ್ತಾರೆ.

ತಮ್ಮ ಬೀಡಿ-ಸಿಗರೇಟು ಪೂರ್ತಿ ಬಿಡಬೇಕು, ಕುಡಿತವನ್ನೂ. ಮುಂದೆ ಕ್ಷಯ ಬಂದರೆ ಎಥಾಂಬುಟಾಲ್, ಲಿನೆಜೊಲಿಡ್ ಕೊಡುವ ಮೊದಲು ಈ ವರದಿ ತೋರಿಸಬೇಕು, ನಿಮಗೂ ಇದೇ ಮಾತು. ಈಡೆಬೆನೋನ್ 300 ಮಿ.ಗ್ರಾಂ ದಿನಕ್ಕೆ ಮೂರು ಸಲ ಕೊಡುವ ಚಿಕಿತ್ಸೆಗೆ ಯುರೋಪಿನಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿದೆ. ಕೆಲವರಲ್ಲಿ ಗುಣ ಕಾಣುತ್ತದೆ, ಬೇಗ ಶುರುಮಾಡಿದಷ್ಟೂ ಮೇಲು. ಒಂದು ಇಸಿಜಿ ತೆಗೆಸಿ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ, ಓದು ನಿಲ್ಲಿಸಬೇಡಿ. ಬದಿಯ ದೃಷ್ಟಿ ಉಳಿದಿರುತ್ತದೆ, ಅಕ್ಷರ ದೊಡ್ಡದಾಗಿಸುವ ಸಾಧನ ಮತ್ತು ಓದಿ ಹೇಳುವ ಮೊಬೈಲ್ ತಂತ್ರಾಂಶದಿಂದ ಬಹಳ ಕೆಲಸ ಆಗುತ್ತದೆ.

ಅಣ್ಣನ ಕೂಸಿಗೆ ಎನ್‌ಡಿಯುಎಫ್‌ಎಸ್4 ದೋಷ. ಅತ್ತಿಗೆಯ ತಂಗಿಯನ್ನೇ ನನಗೆ ತರಬೇಕೆಂದು ಮನೆಯಲ್ಲಿ ಹೇಳುತ್ತಾರೆ. (ಇಂಡಿ)

ನಿಮ್ಮಲ್ಲಿ ಆ ದೋಷ ಇರುವ ಸಾಧ್ಯತೆ ಎರಡರಲ್ಲಿ ಒಂದು, ಆಕೆಯಲ್ಲೂ ಅಷ್ಟೇ. ಇಬ್ಬರಲ್ಲೂ ಇರುವುದು ನಾಲ್ಕರಲ್ಲಿ ಒಂದು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು. ಎರಡನ್ನೂ ಗುಣಿಸಿದರೆ ಹದಿನಾರರಲ್ಲಿ ಒಂದು. ನಿಶ್ಚಿತಾರ್ಥಕ್ಕೆ ಮೊದಲು ಇಬ್ಬರೂ ಆ ಒಂದು ಬದಲಾವಣೆಗೆ ಮಾತ್ರ ರಕ್ತ ಕೊಡಿ, ಎಕ್ಸೋಮ್‌ನಷ್ಟು ಖರ್ಚಿಲ್ಲ. ಒಬ್ಬರಲ್ಲಿ ಇಲ್ಲವೆಂದು ಬಂದರೂ ಈ ಕಾಯಿಲೆಯ ಮಟ್ಟಿಗೆ ಹಾದಿ ಸಲೀಸು.

ಮೈಟೊಕಾಂಡ್ರಿಯಾ ಕಾಯಿಲೆಯ ನಮ್ಮ ಮಗಳಿಗೆ ಜ್ವರ ಬಂದಾಗಲೆಲ್ಲ ಕೆಡುತ್ತದೆ. ಊರಿನ ದವಾಖಾನೆಯಲ್ಲಿ ಏನು ಹೇಳಬೇಕು? (ಮುಧೋಳ)

ಜ್ವರದಲ್ಲಿ ಶಕ್ತಿಯ ಬೇಡಿಕೆ ಏರುತ್ತದೆ, ಊಟ ಇಳಿಯುತ್ತದೆ. ಕೆಡುವುದು ಈ ಎರಡರ ನಡುವೆ. ಹಗಲು-ರಾತ್ರಿ ಮೂರು ತಾಸಿಗೊಮ್ಮೆ ಏನಾದರೂ ಕುಡಿಸಿ. ಎರಡು ಸಲ ಹಾಲು ಬಿಟ್ಟರೆ ಅಥವಾ ವಾಂತಿಯಾದರೆ ದವಾಖಾನೆಗೆ ಹೋಗಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸರಿಯಾದ ತೂಕದ ಲೆಕ್ಕದಲ್ಲಿ ನಡೆಯುತ್ತದೆ.

ನಿಮ್ಮ ತಜ್ಞರಿಂದ ಒಂದು ಚೀಟಿ ಬರೆಸಿ, ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಳ್ಳಿ. ಅದರಲ್ಲಿ ಇರಬೇಕಾದದ್ದು: ಕಾಯಿಲೆ ಮತ್ತು ಜೀನ್ ಹೆಸರು, ಕೂಸಿನ ತೂಕ, ಉಪವಾಸ ಇಡಬಾರದು, ಶೇ 10ರ ಡೆಕ್ಸ್‌ಟ್ರೋಸ್ ಲವಣಗಳೊಂದಿಗೆ, ಕೆ.ಜಿ.ಗೆ ನಿಮಿಷಕ್ಕೆ 6ರಿಂದ 8 ಮಿ.ಗ್ರಾಂ ಗ್ಲೂಕೋಸ್ ಸಿಗುವಂತೆ. ರಿಂಗರ್ ಲ್ಯಾಕ್ಟೇಟ್ ಬೇಡ. ಫಿಟ್ಸ್ ಬಂದರೆ ವಾಲ್‌ಪ್ರೊಯೇಟ್ ಬೇಡ, ಲೆವೆಟಿರಾಸಿಟಮ್ ಆದೀತು. ಅರಿವಳಿಕೆ ಕೊಡುವಾಗ ಪ್ರೊಪೊಫಾಲ್ ಬಹಳ ಹೊತ್ತು ಹರಿಸಬಾರದು. ಪೈರುವೇಟ್ ಡಿಹೈಡ್ರೋಜಿನೇಸ್ ಕೊರತೆಯ ಮಕ್ಕಳಿಗೆ ಮಾತ್ರ ಗ್ಲೂಕೋಸ್ ಸಾಲು ಬೇರೆ. ಅವರಲ್ಲಿ ಹೆಚ್ಚು ಗ್ಲೂಕೋಸ್ ಹೋದರೆ ಲ್ಯಾಕ್ಟೇಟ್ ಏರುತ್ತದೆ. ಆದ್ದರಿಂದ ಇನ್ನೊಬ್ಬರ ಚೀಟಿಯ ನಕಲು ತಂದು ಬಳಸಬೇಡಿ. ತೂಕದ ಸಾಲನ್ನು ಮೂರು ತಿಂಗಳಿಗೊಮ್ಮೆ ತಿದ್ದಿಸಿ, ಚೀಟಿಯ ಫೋಟೊ ಮನೆಯ ಎಲ್ಲರ ಮೊಬೈಲ್‌ನಲ್ಲೂ ಇರಲಿ.